ಒಡ್ಡಿನ ಬುಡದಲ್ಲಿ ಬಿಳಿಮೀನಿನ ಬಾಣಂತನ

ಸೊಂಟದವರೆಗೆ ನೀರು. ಅದೂ ಎಂಥ ನೀರು ಅಂತೀರಿ, ಕಾಲಿಟ್ಟರೆ ಮೊಣಕಾಲಿನ ಮೂಳೆವರೆಗೂ ಜುಮ್ಮೆನ್ನುವ ಭಾದ್ರಪದದ ಹಳ್ಳದ ನೀರು. ಬೆಳಕು ಈಗಷ್ಟೇ ಗುಡ್ಡದ ಆಚೆ ಬದಿಗೆ ಬಂದು ನಿಂತಿದೆ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಿಂದ ಒಳದಾರಿ ಹಿಡಿದರೆ ಸಿಗುವ ಜೋಗಿಹಳ್ಳದ ಒಡ್ಡಿನ ಬುಡದಲ್ಲಿ ಮಹಾದೇವಯ್ಯ ನಿಂತಿದ್ದಾರೆ. ಪಂಚೆ ಮೇಲೆತ್ತಿ ಕಟ್ಟಿದ್ದಾರೆ, ತಲೆಗೆ ಮಫ್ಲರ್ ಸುತ್ತಿದ್ದಾರೆ, ಹಣೆಯ ವಿಭೂತಿ ಅರ್ಧ ಅಳಿಸಿದೆ. ಎರಡೂ ಕೈ ನೀರೊಳಗಿವೆ. ಕೈಗಳ ನಡುವೆ, ಹಳೆಯ ಹತ್ತಿ ಸೀರೆಯ ಜೋಲಿಯಲ್ಲಿ, ಒಂದು ಮೀನು ಮಲಗಿದೆ.

ಮೀನು ಅಂದರೆ ಸಣ್ಣಪುಟ್ಟದ್ದಲ್ಲ. ದೊಡ್ಡವರ ತೋಳಿಗಿಂತ ಉದ್ದ, ಬೆನ್ನ ಮೇಲೆ ಹಳೆಯ ಹಿತ್ತಾಳೆಯ ಬಣ್ಣ, ಒಂದೊಂದು ಹುರುಪೆಯೂ ಎಂಟಾಣೆ ನಾಣ್ಯಕ್ಕಿಂತ ಅಗಲ. ಈ ಕಡೆಯವರ ಬಾಯಲ್ಲಿ ಬಿಳಿಮೀನು, ಓದಿದವರ ಬಾಯಲ್ಲಿ ಮಹಶೀರ್. ಬಾಲದ ಕೆಳತುದಿಯನ್ನು ಯಾವತ್ತೋ ನೀರುನಾಯಿ ಕಚ್ಚಿಕೊಂಡು ಹೋಗಿದೆ. ಹೊಟ್ಟೆ ಉಬ್ಬಿದೆ, ತುಂಬು ಬಸುರಿ. ಮಹಾದೇವಯ್ಯ ಹೆಬ್ಬೆರಳನ್ನು ಅದರ ಹೊಟ್ಟೆಯ ಮೇಲೆ ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಜಾರಿಸುತ್ತಾರೆ.

"ಏನವ್ವಾ, ಇವತ್ತಾದ್ರೂ ಮನಸು ಮಾಡ್ತೀಯೋ, ಇಲ್ಲ ಈ ಮುದುಕನ್ನ ಇನ್ನೂ ನೆನೆಸ್ತೀಯೋ?"

ಹೀಗೆ ಕೇಳಲು ಶುರುಮಾಡಿ ವಾರವಾಗುತ್ತಾ ಬಂತು. ದಿನಾ ಮುಂಜಾನೆ ಇದೇ ಕೆಲಸ. ಬಲೆಯ ಪಂಜರದಿಂದ ಜೋಲಿಗೆ ತೆಗೆಯುವುದು, ಹೊಟ್ಟೆ ಸವರುವುದು, ಏನೂ ಬರದಿದ್ದರೆ ಮತ್ತೆ ಪಂಜರಕ್ಕೆ ಬಿಡುವುದು. ಜೋರಾಗಿ ಒತ್ತಿದರೆ ಮೊಟ್ಟೆ ಬಂದೀತು, ಆದರೆ ಬಲಿಯದ ಮೊಟ್ಟೆ ಬಂದು ಏನು ಪ್ರಯೋಜನ? ಇವತ್ತು ಮಾತ್ರ ಹೆಬ್ಬೆರಳು ಜಾರಿದ ಹಿಂದೆಯೇ ಒಂದು ಕಾಳು ಉದುರುತ್ತದೆ. ಸಾಸಿವೆಗಿಂತ ದೊಡ್ಡದು, ಬಣ್ಣ ಅಪ್ಪಟ ಅರಿಶಿನ.

"ಸಾಬ್ರೇ! ಬಂತು ಕಣ್ರೀ, ಬಂತು! ಬೇಸಿನ್ ತಗಂಬನ್ನಿ, ಒಣಗಿರದು ನೋಡ್ಕಂಡು!"

ದಡದಲ್ಲಿ ನಿಂತ ಕಲೀಮುಲ್ಲಾ ಬೇಸಿನ್ನನ್ನು ರೇನ್‌ಕೋಟಿನೊಳಗೆ ಎದೆಗವಚಿಕೊಂಡು ಕಾಯುತ್ತಿದ್ದಾರೆ. ಹನಿ ನೀರೂ ಅದಕ್ಕೆ ತಾಗಬಾರದು. ಮೊಟ್ಟೆಗೆ ಗಂಡಿನ ಹಾಲು, ಅಂದರೆ ವೀರ್ಯ, ಸೇರುವ ಮೊದಲೇ ನೀರು ಸೋಕಿದರೆ ಮುಗಿಯಿತು, ಅದರ ಮೈಮೇಲಿನ ಸಣ್ಣ ತೂತು ಮುಚ್ಚಿಕೊಂಡುಬಿಡುತ್ತದೆ. ಆಮೇಲೆ ಹತ್ತು ಗಂಡು ತಂದರೂ ಅದು ಬಂಜೆ ಮೊಟ್ಟೆಯೇ. ಮೀನಿನ ಮೈಯನ್ನು ಬಟ್ಟೆಯಲ್ಲಿ ಒರೆಸಿ, ಕೈ ಒರೆಸಿ, ಬೇಸಿನ್ನಿನ ಮೇಲೆ ಹಿಡಿದು ಮಹಾದೇವಯ್ಯ ಮತ್ತೆ ಹೊಟ್ಟೆ ಸವರುತ್ತಾರೆ. ಮೊಟ್ಟೆ ಸರಸರ ಇಳಿಯುತ್ತದೆ. ಪಕ್ಕದ ಪಂಜರದಿಂದ ಎರಡು ಗಂಡು ತೆಗೆದು ಅವುಗಳ ಹಾಲನ್ನೂ ಮೇಲೆ ಹನಿಸುತ್ತಾರೆ. ಕಲೀಮುಲ್ಲಾ ಒಂದು ಕೋಳಿ ಪುಕ್ಕದಿಂದ ಎರಡನ್ನೂ ಹದವಾಗಿ ಬೆರೆಸುತ್ತಾರೆ. ಆಮೇಲಷ್ಟೇ ನೀರು. ನೀರು ಕುಡಿದ ಮೊಟ್ಟೆಗಳು ಒಂದಕ್ಕೊಂದು ಅಂಟದೆ ಗುಂಡಗೆ ಉಬ್ಬಿ ನಿಲ್ಲುತ್ತವೆ.

ತಾಯಿ ಮೀನನ್ನು ಮಡುವಿಗೆ ಬಿಡುತ್ತಾರೆ. ಅದು ಕೂಡಲೇ ಹೋಗುವುದಿಲ್ಲ. ಮಹಾದೇವಯ್ಯನ ಕಾಲ ಬಳಿಯೇ ಕಿವಿರು ಆಡಿಸುತ್ತಾ, ಸುಸ್ತಾಗಿ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಅವರೂ ಅಲ್ಲಾಡುವುದಿಲ್ಲ. ಕೆಮ್ಮು ಬಂದರೂ ತಡೆದುಕೊಂಡು ನಿಲ್ಲುತ್ತಾರೆ.

ಈ ವರ್ಷ ಒಡ್ಡಿನ ಬುಡಕ್ಕೆ ಬಂದ ಹೆಣ್ಣು ಇದೊಂದೇ. ಇನ್ನೊಂದು ಬರಲಿಲ್ಲ.

ಕಥೆ ತಿಳಿಯಬೇಕಾದರೆ ಮೊದಲು ಮೀನಿನ ದಾರಿ ತಿಳಿಯಬೇಕು. ವರ್ಷವೆಲ್ಲ ಹೇಮಾವತಿಯ ಹಿನ್ನೀರಿನಲ್ಲಿ ತಿಂದು ಕೊಬ್ಬುವ ಬಿಳಿಮೀನಿಗೆ ಅಲ್ಲಿ ಮೊಟ್ಟೆ ಇಡಲು ಬರುವುದಿಲ್ಲ. ಅಲ್ಲಿರುವುದು ನಿಂತ ನೀರು, ತಳದಲ್ಲಿ ಕೆಸರು. ಅದಕ್ಕೆ ಹರಿಯುವ ತೆಳುನೀರು ಬೇಕು, ಕೆಳಗೆ ತೊಳೆದಿಟ್ಟಂಥ ಸಣ್ಣ ಕಲ್ಲು ಬೇಕು. ಮುಂಗಾರಿನ ಹೊಸ ನೀರು ಬಂದದ್ದೇ ತಡ, ತವರಿಗೆ ಹೊರಟವಳ ಹಾಗೆ ನೀರಿಗೆದುರಾಗಿ ಹೊರಟುಬಿಡುತ್ತದೆ. ನದಿಯಿಂದ ಹಳ್ಳಕ್ಕೆ, ಹಳ್ಳದಿಂದ ಮೇಲಕ್ಕೆ. ಜೋಗಿಹಳ್ಳದಲ್ಲಿ ಹೀಗೆ ಬರುವ ಮೀನಿಗೆ ಅಡ್ಡ ನಿಂತಿರುವುದು ಒಂದು ಕಾಫಿ ಎಸ್ಟೇಟಿನ ಸಿಮೆಂಟಿನ ಒಡ್ಡು. ಬೇಸಗೆಯಲ್ಲಿ ಕಾಫಿ ಹೂವರಳಿಸಲು ಸ್ಪ್ರಿಂಕ್ಲರ್ ಹೊಡೆಯಬೇಕಲ್ಲ, ಆ ನೀರಿಗೆ ಕಟ್ಟಿದ್ದು. ಎತ್ತರ ಒಂದೂವರೆ ಆಳು. ಮೀನು ಹಾರುತ್ತದೆ, ಗೋಡೆಗೆ ಬಡಿದು ಬೀಳುತ್ತದೆ, ಮತ್ತೆ ಹಾರುತ್ತದೆ. ಮೂತಿ ಒಡೆದುಕೊಂಡ ಮೀನುಗಳನ್ನು ಮಹಾದೇವಯ್ಯ ಎಷ್ಟೋ ನೋಡಿದ್ದಾರೆ.

ಹಾಗಾದರೆ ಮೀನನ್ನೇ ಎತ್ತಿ ಆಚೆ ಹಾಕಿದರಾಯಿತಲ್ಲ ಅನ್ನಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಬಸುರಿ ಮೀನು ದಡ ಹತ್ತಿಸುವಷ್ಟರಲ್ಲಿ ಏದುಸಿರು ಬಿಟ್ಟು ಸತ್ತದ್ದುಂಟು. ಬದುಕಿ ಮೊಟ್ಟೆ ಇಟ್ಟದ್ದು ವಾಪಸ್ಸು ಬರುವಾಗ ಒಡ್ಡಿನ ಮೇಲಿಂದ ಬಂಡೆಗೆ ಬಿದ್ದು ಸತ್ತದ್ದೂ ಉಂಟು. ಕೊನೆಗೆ ಉಳಿದ ದಾರಿ ಇದೊಂದೇ: ಕೆಳಗೆ ಮೊಟ್ಟೆ ತೆಗೆದು, ಮರಿ ಮಾಡಿ, ಮರಿಯನ್ನು ಮೇಲಕ್ಕೆ ಹೊತ್ತು ಬಿಡುವುದು.

ಮಹಾದೇವಯ್ಯನಿಗೆ ಈಗ ಅರವತ್ತರ ಆಸುಪಾಸು. ಲಿಂಗ ಕಟ್ಟಿದ ಮನೆತನ, ಹುಟ್ಟಿದಾರಭ್ಯ ಮೀನಿನ ರುಚಿ ಕಂಡ ನಾಲಿಗೆಯಲ್ಲ. ಊರಿನವರು ಬಿಡುತ್ತಾರೆಯೇ? 'ಮೀನಯ್ಯ' ಅಂತ ಹೆಸರಿಟ್ಟಿದ್ದಾರೆ. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಮೂಗು ಹಿಡಿದಂತೆ ನಟಿಸುತ್ತಾರೆ. ಇವರು ನಗುತ್ತಾರೆ, ಊಟ ಮುಂದುವರಿಸುತ್ತಾರೆ. ಮೀನು ಹಿಡಿಯುವುದನ್ನು ಕಲಿಸಿದವರು ಆನೇಮಹಲ್‌ನಲ್ಲಿ ಹೈವೇ ಪಕ್ಕ ಮೀನಂಗಡಿ ಇಟ್ಟಿರುವ ಕಲೀಮುಲ್ಲಾ. ಅವರ ತಂದೆ ಹೇಮಾವತಿಯಲ್ಲಿ ಹರಿಗೋಲು ಹಾಕಿ ಬಲೆ ಬೀಸುತ್ತಿದ್ದವರು.

"ನಾನು ಮೀನು ಮಾರೋನು, ಇವ್ರು ಮೀನು ಮುಟ್ಟದೋರು. ನಮ್ಮಿಬ್ರುನ್ನೂ ಒಂದೇ ಹಳ್ಳದಾಗೆ ನಿಲ್ಲಿಸ್ಬುಟ್ಟ ದೇವ್ರು," ಎಂದು ಕಲೀಮುಲ್ಲಾ ಗೊಣಗುತ್ತಾರೆ. "ಮಳೆಗಾಲದಾಗೆ ನಾನು ಬಿಳಿಮೀನು ಕೊಳ್ಳಲ್ಲ, ಮಾರಲ್ಲ. ನಮ್ಮಪ್ಪನ ಕಾಲದ್ದು ಅದು. ಬಸುರಿ ಮೀನು ಮಾರಿದ್ ದುಡ್ಡು ಮನೇಲಿ ನಿಲ್ಲಲ್ಲ ಅಂತಿದ್ರು."

ಮೀನಿಗೆ ಬರುವ ಮೊದಲು ಮಹಾದೇವಯ್ಯ ಎಸ್ಟೇಟುಗಳಲ್ಲಿ ಔಷಧಿ ಹೊಡೆಯುವ ಮೇಸ್ತ್ರಿ. ಕಾಫಿ ಗಿಡಕ್ಕೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದರು. ಮಾಸ್ಕು ಗೀಸ್ಕು ಯಾರು ಕೊಟ್ಟರು ಆಗ? ಗಾಳಿ ಎದುರಿಗೆ ತಿರುಗಿದರೆ ಮುಖ, ಎದೆ, ಅಂಗಿ ಎಲ್ಲ ನೀಲಿ. ಎದೆಯೊಳಗೂ ಅದು ಹೋಗಿ ಕೂತಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳಬೇಕು. ಔಷಧಿ ಕೆಲಸ ಆಗುವುದಿಲ್ಲ ಎಂದು ಕೈಬಿಟ್ಟ ಹೊತ್ತಿಗೆ, ಗಾಳ ಹಾಕುವ ಹವ್ಯಾಸದ ಕೆಲವರು ಸೇರಿ ಮಾಡಿಕೊಂಡ ಸಣ್ಣ ಟ್ರಸ್ಟ್ ಒಂದು ಇಲ್ಲಿ ಮರಿ ಮಾಡಿಸಲು ಆಳು ಹುಡುಕುತ್ತಿತ್ತು. ಎಸ್ಟೇಟಿನವರು ಹಳ್ಳದ ಪಕ್ಕದ ಒಂದು ಹಳೆಯ ಸ್ಟೋರ್ ರೂಮು ಬಿಟ್ಟುಕೊಟ್ಟರು. ನೀರಿಗಿಳಿಯುವ ಕೆಲಸ, ಯಾರೂ ಬರಲಿಲ್ಲ. ಇವರು ಬಂದರು.

ಹೋದ ವರ್ಷದ ಸಂಗತಿ ಕೇಳಿದರೆ ಮಹಾದೇವಯ್ಯ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ. ಆಮೇಲೆ ತಾವೇ ಶುರುಮಾಡುತ್ತಾರೆ.

"ನಾನೇ ಕೊಂದೆ ಅಂತ ಬರ್ಕಳ್ರೀ. ಬೇರೆ ಯಾರ್ ಮೇಲೂ ಹಾಕ್ಬೇಡಿ."

ಆ ಸಲ ಮೂರು ಹೆಣ್ಣು ಬಂದಿದ್ದವು. ಇಂಥ ಫಸಲು ಹಿಂದೆಂದೂ ಆಗಿರಲಿಲ್ಲ. ತೊಟ್ಟಿ ತುಂಬ ಮರಿ. ಒಡ್ಡಿನ ಮೇಲಕ್ಕೆ ಒಯ್ಯಲು ದೊಡ್ಡ ಪಾತ್ರೆ ಬೇಕಿತ್ತು. ಎಸ್ಟೇಟಿನ ಸ್ಟೋರಿನಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು ಬಿದ್ದಿತ್ತು, ಬೋರ್ಡೋ ಕಲಸಿದ ಡ್ರಮ್ಮು. ಮಹಾದೇವಯ್ಯ ಅದನ್ನು ಹಾಗೇ ತಂದವರಲ್ಲ. ಹಳ್ಳದಲ್ಲಿ ಹತ್ತಾರು ಸಲ ಜಾಲಿಸಿದರು. ಸಾಲದು ಅಂತ ಹುಣಸೆಹಣ್ಣು ನೆನೆಸಿ, ಮನೆಯಲ್ಲಿ ಪೂಜೆಯ ತಾಮ್ರದ ತಂಬಿಗೆ ತಿಕ್ಕುವ ಹಾಗೆ, ಒಳಗೆ ಕೈ ಹಾಕಿ ತಿಕ್ಕಿದರು. ನೀಲಿ ಬಣ್ಣ ಹೋಯಿತು. ಮೂಸಿ ನೋಡಿದರು, ವಾಸನೆಯಿಲ್ಲ. ವಾಸನೆ ಎಲ್ಲಿಂದ ಬರಬೇಕು? ಮೂವತ್ತು ವರ್ಷ ಅದನ್ನೇ ಉಸಿರಾಡಿದ ಮೂಗು ಅದು. ಮುಚ್ಚಳದ ಸಂದಿಯಲ್ಲಿ, ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಮೈಲುತುತ್ತ ಕೂತಿತ್ತು. ಹುಳಿ ಹಾಕಿ ತಿಕ್ಕಿದ್ದಕ್ಕೆ ಅದು ಸಡಿಲವಾಗಿ ನೀರಿಗೆ ಇಳಿಯಿತು. ಮನುಷ್ಯನ ಕೈಗೆ ಏನೂ ಮಾಡದ ಅಷ್ಟು ವಿಷ ಬೆರಳುಗುರಿನಷ್ಟು ಮರಿಗೆ ಸಾಕು.

"ಡ್ರಮ್ಮು ಹೊತ್ಕಂಡು ಒಡ್ಡು ಹತ್ತಿದ್ವಿ. ಮುಚ್ಚಳ ತೆಗೆದ್ರೆ ಎಲ್ಲಾವೂ ಮೇಲಕ್ ಬಂದು ಬಾಯಿ ಬಿಡ್ತಾ ಅವೆ. ಗಾಳಿ ಸಾಲ್ದು ಅಂದ್ಕಂಡೆ. ಬಡಬಡ ನೀರಿಗೆ ಬುಟ್ಟೆ. ಬುಟ್ಟ್ ಜಾಗದಾಗೇ ಹೊಟ್ಟೆ ಮೇಲಾಗಿ ತೇಲ್ದವು ಕಣ್ರೀ. ಒಂದೂ ಈಜ್ಲಿಲ್ಲ. ಸಾಬ್ರು ಡ್ರಮ್ಮಿನ ಮುಚ್ಚಳ ತಿರುಗ್ಸಿ ತೋರಿಸಿದ್ರು. ಸಂದಿಯಾಗೆ ನೀಲಿ ಗೆರೆ. ಆ ಗೆರೆ ನಂಗೆ ಕಾಣ್ಲೇ ಇಲ್ಲ. ಅದ್ರಾಗೇ ಜೀವ್ನ ಮಾಡ್ದೋನಿಗೆ ಹೆಂಗ್ ಕಾಣ್ಬೇಕು?"

ಅವತ್ತು ಮನೆಗೆ ಹೋಗಿ ಮಹಾದೇವಯ್ಯ ಊಟ ಬಿಟ್ಟು ಮಲಗಿದರು. ಎಷ್ಟೋ ದಿನ ಹಳ್ಳದ ಕಡೆ ಕಾಲು ಹಾಕಲಿಲ್ಲ. ಕಲೀಮುಲ್ಲಾ ಬಂದು ಬೈದು ಎಬ್ಬಿಸಿಕೊಂಡು ಹೋದರು. ಟ್ರಸ್ಟಿನವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು ಎನ್ನುತ್ತಾರೆ. ಆದರೆ ಒಂದು ಮಾತು ಹೇಳಿದರು: ಮುಂದಿನ ವರ್ಷವೂ ಮರಿ ಆಗದಿದ್ದರೆ ಇಲ್ಲಿನ ಕೆಲಸ ನಿಲ್ಲಿಸುವುದು. ಎಸ್ಟೇಟಿನವರಿಗೂ ಗೊಬ್ಬರ ಇಡಲು ಆ ರೂಮು ವಾಪಸ್ಸು ಬೇಕು.

ಹಾಗಾಗಿ ಈ ಸಲ ಬಂದ ಒಂಟಿ ಬಿಳಿಮೀನಿನ ಹೊಟ್ಟೆಯಲ್ಲಿ ಇದ್ದದ್ದು ಬರೀ ಮೊಟ್ಟೆಯಲ್ಲ. ಅದು ಕೆಟ್ಟರೆ ಜೋಗಿಹಳ್ಳದಲ್ಲಿ ಬಿಳಿಮೀನಿನ ಹೆಸರು ಹೇಳುವವರೂ ಇರುವುದಿಲ್ಲ.

ಮೊಟ್ಟೆಗಳು ಸ್ಟೋರ್ ರೂಮಿನಲ್ಲಿ ಜಾಲರಿ ತಟ್ಟೆಗಳ ಮೇಲೆ ಮಲಗಿವೆ. ಹಳ್ಳದಿಂದ ಎಳೆದ ಪೈಪಿನ ನೀರು ಅವುಗಳ ಮೇಲೆ ಸದ್ದಿಲ್ಲದೆ ಹರಿಯುತ್ತಿರಬೇಕು. ಮಹಾದೇವಯ್ಯ ಮಣೆ ಹಾಕಿ ಕೂತು, ಔಷಧಿ ಹನಿಸುವ ರಬ್ಬರ್ ಕೊಳವೆಯಲ್ಲಿ, ಬೆಳ್ಳಗಾದ ಮೊಟ್ಟೆಗಳನ್ನು ಹೀರಿ ತೆಗೆಯುತ್ತಾರೆ. ಬೆಳ್ಳಗಾದದ್ದು ಸತ್ತದ್ದು. ಬಿಟ್ಟರೆ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೊಲ್ಲುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ ಅನ್ನಿ, ಇಲ್ಲಿ ಮಾತ್ರ ಕಲ್ಲೇ ದಿನದಿನಕ್ಕೂ ಹೆಚ್ಚುತ್ತದೆ. ಎರಡನೆಯ ದಿನ ಗುಡ್ಡದ ಮೇಲೆ ಎಲ್ಲೋ ದೊಡ್ಡ ಮಳೆಯಾಗಿ ಪೈಪಿನಲ್ಲಿ ಕೆಮ್ಮಣ್ಣಿನ ನೀರು ಬಂತು. ಬಟ್ಟೆ ಕಟ್ಟಿ ಸೋಸಿದರೂ ಮಣ್ಣು ಕೂತಿತು. ಒಂದು ತಟ್ಟೆ ಪೂರ್ತಿ ಹೋಯಿತು. ಅದನ್ನು ಎತ್ತಿ ಹೊರಗೆ ಚೆಲ್ಲುವಾಗ ಮಹಾದೇವಯ್ಯ ಯಾರ ಮುಖವನ್ನೂ ನೋಡಲಿಲ್ಲ.

ಮಾರನೇ ದಿನ ಕೆಮ್ಮು ವಿಪರೀತವಾಯಿತು. ಕಫದಲ್ಲಿ ರಕ್ತದ ಎಳೆ ಕಂಡು ಹೆಂಡತಿ ಗುರುಶಾಂತಮ್ಮ ಹಟ ಹಿಡಿದರು. ಬೆಳಗ್ಗೆಯ ಬಸ್ಸಿಗೆ ಕೆ. ಹೊಸಕೋಟೆಯಿಂದ ಆಲೂರಿಗೆ, ಡಾಕ್ಟರ ಹತ್ತಿರ. ತಟ್ಟೆ ನೋಡಿಕೊಳ್ಳಲು ಟ್ರಸ್ಟಿನಲ್ಲಿ ಕೆಲಸ ಮಾಡುವ ಹುಡುಗಿ ಮೋನಿಕಾ ಹಾಸನದಿಂದ ಬಂದು ರೂಮಿನಲ್ಲಿ ಕೂತಳು. ಮೊಟ್ಟೆಗೆ ಕಾವಲಾಯಿತು. ಮಡುವಿಗೆ ಕಾವಲು ಯಾರು? ಮೊಟ್ಟೆ ಕೊಟ್ಟ ಮೀನು ಹಿನ್ನೀರಿಗೆ ಇಳಿಯುವ ಮೊದಲು ಮೂರ್ನಾಲ್ಕು ದಿನ ಅಲ್ಲೇ ಸುಧಾರಿಸಿಕೊಳ್ಳುತ್ತದೆ. ಅದು ಮಹಾದೇವಯ್ಯನಿಗೆ ಗೊತ್ತು. ಅದು ಮೀನಿಗೆ ಮದ್ದಿನ ತೋಟೆ ಹಾಕುವವರಿಗೂ ಗೊತ್ತು.

ಮಧ್ಯಾಹ್ನ ಮೋನಿಕಾಗೆ ಒಂದು ಸದ್ದು ಕೇಳಿಸಿತಂತೆ. ಕಲ್ಲು ಕ್ವಾರಿಯ ಸದ್ದು ಅಂದುಕೊಂಡಳು. ತಪ್ಪೇನು, ಈ ಕಡೆ ಅಂಥ ಸದ್ದು ದಿನಾ ಇರುತ್ತದೆ. ನೀರೊಳಗೆ ಮದ್ದು ಸಿಡಿಸಿ, ತೇಲಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಬೈಕು ಹತ್ತಿದವರು ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ. ಥೂ, ಇಂಥವರ ಕೈಗೆ ಅದೇನು ಹತ್ತುತ್ತದೋ!

ಸಂಜೆ ಆನೇಮಹಲ್‌ನ ಅಂಗಡಿಗೆ ಯಾರೋ ಒಂದು ಗೋಣಿಚೀಲ ತಂದು ಸುರಿದರು. ಕಲೀಮುಲ್ಲಾ ಬಾಲ ನೋಡಿದರು. ಕೆಳತುದಿ ಇಲ್ಲ. ತಂದವರು ರೇಟು ಮಾತಾಡುವ ಮೊದಲೇ ಇವರ ಬೈಗುಳ ಕೇಳಿ ಚೀಲ ಬಿಟ್ಟು ಹೋದರು. ಅಂಗಡಿಗೆ ಬೀಗ ಹಾಕಿ, ಮೀನನ್ನು ಬಾಳೆಲೆಯಲ್ಲಿ ಸುತ್ತಿ, ಕಲೀಮುಲ್ಲಾ ಜೀಪು ಹತ್ತಿದರು.

ಮಹಾದೇವಯ್ಯ ಆಗಷ್ಟೇ ಆಲೂರಿನಿಂದ ಬಂದು, ಮಾತ್ರೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ತಟ್ಟೆ ನೋಡುತ್ತಿದ್ದರು. ಬಾಳೆಲೆ ಬಿಚ್ಚಿದಾಗ ಮೀನಿನ ಹೊಟ್ಟೆಯ ಮೇಲೆ ದಿನಾ ಮಾಡುತ್ತಿದ್ದಂತೆ ಹೆಬ್ಬೆರಳು ಇಟ್ಟರು, ತೆಗೆದರು.

"ತಗಂಡೋಗಿ ಮನೇಲಿ ಸಾರು ಮಾಡ್ಸಿ ಸಾಬ್ರೇ. ಸತ್ತಿದ್ದು ಸತ್ತೋಯ್ತು. ಹಾಳಾಗೋದ್ಯಾಕೆ?"

"ನನ್ ಕೈಲಿ ಆಗಲ್ಲ ಮಾದೇವಣ್ಣ," ಅಂದರು ಕಲೀಮುಲ್ಲಾ. "ಹುಟ್ಟಿದಾಗಿಂದ ಮೀನು ಕೊಯ್ದಿವ್ನಿ. ಇದ್ರ ಮೇಲೆ ಕತ್ತಿ ಇಡಕ್ಕೆ ಕೈ ಬರ್ತಿಲ್ಲ."

ಮೀನು ತಿನ್ನದವರು ತಿನ್ನಿ ಅನ್ನುತ್ತಾರೆ, ತಿನ್ನುವವರು ಒಲ್ಲೆ ಅನ್ನುತ್ತಾರೆ. ಕೊನೆಗೆ ರೂಮಿನ ಹಿಂದೆ, ಸಿಲ್ವರ್ ಓಕ್ ಮರದ ಬುಡದಲ್ಲಿ, ಕಲೀಮುಲ್ಲಾ ಗುಂಡಿ ತೋಡಿದರು. ಮಹಾದೇವಯ್ಯ ಮಣ್ಣು ಎಳೆದರು. ಮೋನಿಕಾ ಬಾಗಿಲ ಬಳಿ ನಿಂತು ಅಳುತ್ತಿದ್ದಳು.

ಅತ್ತದ್ದು ಆಯಿತು, ತಟ್ಟೆ ಕಾಯುತ್ತಿದೆಯಲ್ಲ. ಮರುದಿನದಿಂದ ಮೊಟ್ಟೆ ಒಡೆಯಲು ಶುರುವಾಯಿತು. ಹುಟ್ಟಿದ ಮರಿ ನೋಡಿದರೆ ಮರಿಯೆಂದು ಹೇಳಲಾಗುವುದಿಲ್ಲ. ಎರಡು ಕಪ್ಪು ಕಣ್ಣು, ಒಂದು ನೂಲಿನೆಳೆ, ಹೊಟ್ಟೆಗೆ ಅಂಟಿದ ಹಳದಿ ಚೀಲ. ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಅದು ಕರಗುವವರೆಗೆ ಬೇರೆ ಆಹಾರ ಬೇಡ. ಬೆಳಕು ಕಂಡರೆ ಹೆದರಿ, ತೊಟ್ಟಿಯ ಕತ್ತಲೆ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಬಿದ್ದಿರುತ್ತವೆ. ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆಂದು ಮಹಾದೇವಯ್ಯ ಆಗಾಗ ಪುಕ್ಕದಿಂದ ಕದಲಿಸುತ್ತಾರೆ. ಡಾಕ್ಟರು ತಣ್ಣೀರಿಗೆ ಇಳಿಯಬೇಡಿ ಎಂದಿದ್ದಾರೆ, ಎದೆಯ ಫೋಟೋ ತೆಗೆಸಿ ಹಾಸನಕ್ಕೆ ಹೋಗಿ ಅಂದಿದ್ದಾರೆ. "ಮರಿ ಬುಟ್ಟು ಹೋಯ್ತೀನಿ," ಎನ್ನುವುದು ಇವರ ಉತ್ತರ.

ಒಂದು ಮಧ್ಯಾಹ್ನ ಮೋನಿಕಾ ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಹೊರದೇಶದ ಸಾಲ್ಮನ್ ಮೀನಿನ ವಿಡಿಯೋ ತೋರಿಸುತ್ತಾಳೆ. ಸಮುದ್ರದಿಂದ ಹೊರಟು, ತಾನು ಹುಟ್ಟಿದ ಹೊಳೆಯನ್ನೇ ಹುಡುಕಿ, ಅಬ್ಬಿ ಹಾರಿ, ಕರಡಿಯ ಬಾಯಿ ತಪ್ಪಿಸಿಕೊಂಡು, ಕಲ್ಲು ಕೆದರಿ ಮೊಟ್ಟೆ ಇಟ್ಟು, ಸಾಲ್ಮನ್ ಅಲ್ಲೇ ಸಾಯುತ್ತದೆ. ಅಡ್ಡ ಒಡ್ಡು ಕಟ್ಟಿದ ಕಡೆ ಅದಕ್ಕೆಂದು ನೀರಿನ ಮೆಟ್ಟಿಲು ಮಾಡಿದ್ದಾರೆ. ಮೀನು ಒಂದೊಂದೇ ಮೆಟ್ಟಿಲು ಹಾರಿ ಹತ್ತುತ್ತದೆ. ಆ ಭಾಗ ಬಂದಾಗ ಮಹಾದೇವಯ್ಯ, "ಇನ್ನೊಂದ್ ಸಲ ಹಾಕವ್ವ" ಅನ್ನುತ್ತಾರೆ. ಇಂಥದ್ದೊಂದನ್ನು ಇಲ್ಲೂ ಮಾಡಿಕೊಡಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಅವರು ಕೇಳದ ವರ್ಷವಿಲ್ಲ. "ನೋಡೋಣ" ಎಂಬ ಉತ್ತರ ಸಿಗದ ವರ್ಷವೂ ಇಲ್ಲ.

"ಆ ಮೀನು ಮೊಟ್ಟೆ ಇಟ್ಟು ತಾನೇ ಸಾಯ್ತದೆ, ಅದ್ರ ಹಣೆಬರ ಹಂಗೆ," ಎನ್ನುತ್ತಾರೆ. "ನಮ್ಮ ಬಿಳಿಮೀನು ಹಂಗೆ ಸಾಯಲ್ಲ ಕಣ್ರೀ. ಇನ್ನೂ ಎಷ್ಟೋ ಸಲ ಹೆರ್ತದೆ. ನಾವೇ ಸಾಯಿಸ್ತೀವಿ."

ಬುತ್ತಿ ಕರಗಿ ಮರಿಗಳು ಈಜಲು ಶುರುಮಾಡಿದ ಮೇಲೆ ಅವಕ್ಕೆ ಬೇಯಿಸಿದ ಕೋಳಿಮೊಟ್ಟೆಯ ಹಳದಿ ಬೇಕು, ಬಟ್ಟೆಯಲ್ಲಿ ಸೋಸಿ ಕೊಡಬೇಕು. ಗುರುಶಾಂತಮ್ಮನ ಮನೆಗೆ ಕೋಳಿಮೊಟ್ಟೆ ಬರುವಂತಿಲ್ಲ, ಮಾತೇ ಇಲ್ಲ. ಅದನ್ನು ಸ್ಟೋರ್ ರೂಮಿನ ಎದುರು ಮೂರು ಕಲ್ಲು ಹೂಡಿ ಬೇಯಿಸುತ್ತಾರೆ. ಹಳ್ಳದಿಂದ ಬಂದವರು ಬಚ್ಚಲಿಗೆ ಹೋಗದೆ ಒಳಗೆ ಕಾಲಿಡುವಂತಿಲ್ಲ. ಇಷ್ಟೆಲ್ಲ ಮಡಿಯ ಮನೆಯಲ್ಲಿ ಮೊನ್ನೆ ದೊಡ್ಡ ರಾದ್ಧಾಂತವೇ ಆಯಿತು. ಮರಿ ಹೊರಲು ಮಹಾದೇವಯ್ಯನಿಗೆ ಪಾತ್ರೆ ಬೇಕಿತ್ತು. ಟ್ರಸ್ಟಿನವರು ಹೊಸ ಪ್ಲಾಸ್ಟಿಕ್ ಡ್ರಮ್ಮು ಕಳಿಸಿದರೂ ಇವರು ಅದನ್ನು ಮೂಲೆಗೆ ಸರಿಸಿಟ್ಟರು. ಮೈಲುತುತ್ತ ಎಂದೂ ಸೋಕಿರದ ಪಾತ್ರೆ ಅಂತ ಅವರ ಮನಸ್ಸು ಒಪ್ಪಿದ್ದು ಒಂದನ್ನೇ, ಅಡುಗೆಮನೆಯಲ್ಲಿ ಕುಡಿಯುವ ನೀರು ತುಂಬಿಡುವ ಸ್ಟೀಲಿನ ಕೊಡ. ಕೇಳದೆ ಎತ್ತಿಕೊಂಡು ಹೊರಟವರನ್ನು ಗುರುಶಾಂತಮ್ಮ ಅಂಗಳದಲ್ಲೇ ಹಿಡಿದರು.

"ಏನ್ರೀ, ಬುದ್ಧಿ ಐತಾ ನಿಮ್ಗೆ? ಕುಡಿಯೋ ನೀರಿನ ಕೊಡಕ್ಕೆ ಮೀನ್ ತುಂಬ್ತೀರಾ? ಶಿವ ಶಿವಾ! ನಾಳೆ ಸ್ವಾಮಿಗಳು ಮನೆಗೆ ಬಂದ್ರೆ ಏನಂತ ನೀರು ಕೊಡ್ಲಿ?"

ಮಹಾದೇವಯ್ಯ ಉತ್ತರ ಕೊಡಲು ಬಾಯಿ ತೆರೆದರು, ಕೆಮ್ಮು ಬಂತು. ಕೆಮ್ಮುತ್ತಾ ಜಗಲಿ ಹಿಡಿದು ಕೂತುಬಿಟ್ಟರು. ಗುರುಶಾಂತಮ್ಮ ಕೊಡವನ್ನು ತಾವೇ ಎತ್ತಿ ಸೊಂಟಕ್ಕಿಟ್ಟುಕೊಂಡರು.

"ಇನ್ನು ಇದು ನಿಮ್ ಮೀನಿಂದೇ, ಒಳಗೆ ತರ್ಬೇಡಿ. ನಂಗೆ ಹೊಸದು ತಂದ್ಕೊಡಿ. ನಡೀರಿ, ಈ ಎದೆ ಇಟ್ಕಂಡು ನೀವೆಲ್ಲಿ ಹೊರ್ತೀರ?"

ಮರಿ ಬಿಡುವ ಮುಂಜಾನೆ ಒಡ್ಡಿನ ಪಕ್ಕದ ಕಾಲುದಾರಿಯಲ್ಲಿ ಅವರ ಪುಟ್ಟ ಮೆರವಣಿಗೆ ಹೊರಡುತ್ತದೆ. ಮುಂದೆ ಸೊಂಟದ ಮೇಲೆ ಕೊಡ ಹೊತ್ತ ಗುರುಶಾಂತಮ್ಮ, ಹಿಂದೆ ಮೋನಿಕಾ, ಅವಳ ಹಿಂದೆ ಕಲೀಮುಲ್ಲಾನ ಹೆಗಲು ಹಿಡಿದು ಹತ್ತುತ್ತಿರುವ ಮಹಾದೇವಯ್ಯ. ಮೂರು ತಟ್ಟೆ ತುಂಬ ಇದ್ದ ಮೊಟ್ಟೆಗಳಲ್ಲಿ ಉಳಿದ ಮರಿ ಒಂದು ಕೊಡವನ್ನೂ ಪೂರ್ತಿ ತುಂಬಿಲ್ಲ. ಒಡ್ಡು ದಾಟಿ, ನಿಂತ ನೀರು ದಾಟಿ, ಹಳ್ಳ ಮತ್ತೆ ಹರಿಯುವ ಕಡೆ ಬರಬೇಕು. ಅಲ್ಲಿ ನೀರು ಮೊಣಕಾಲುದ್ದ, ತಳದ ಕಲ್ಲು ಕಾಣುತ್ತದೆ. ಯಾರು ಬೇಡವೆಂದರೂ ಮಹಾದೇವಯ್ಯ ನೀರಿಗೆ ಇಳಿಯುತ್ತಾರೆ.

ಕೊಡವನ್ನು ನೀರಲ್ಲಿ ಓರೆಯಾಗಿ ಹಿಡಿದು, ಒಳಗಿನ ತಂಪು ಹೊರಗಿನ ತಂಪು ಒಂದಾಗುವವರೆಗೆ ಕಾಯುತ್ತಾರೆ. ಎಲ್ಲರ ಕಣ್ಣೂ ಕೊಡದ ಬಾಯಿಯ ಮೇಲಿದೆ. ಮೊದಲ ಮರಿ ಹೊರಬಂದು ನೀರಿನ ಸೆಳೆತಕ್ಕೆ ಒಂದಿಷ್ಟು ಜಾರುತ್ತದೆ. ಗುರುಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಮರಿ ಮೈ ತಿರುಗಿಸಿ ನೀರಿಗೆದುರಾಗಿ ನಿಲ್ಲುತ್ತದೆ. ಆಮೇಲೆ ಇನ್ನೊಂದು, ಆಮೇಲೆ ಹತ್ತು, ಆಮೇಲೆ ಕೊಡದಲ್ಲಿದ್ದ ಎಲ್ಲವೂ ಕಲ್ಲಿನ ಸಂದಿಗಳಲ್ಲಿ ನುಸುಳಿ ಕಾಣದಾಗುತ್ತವೆ.

"ತೇಲ್ಲಿಲ್ಲ," ಅನ್ನುತ್ತಾರೆ ಮಹಾದೇವಯ್ಯ ಹೆಂಡತಿಗೆ. "ನೋಡ್ದೇನೇ ಗುರು, ಒಂದೂ ತೇಲ್ಲಿಲ್ಲ!" ಅರವತ್ತರ ಮುಖದ ಮೇಲೆ ಕಣ್ಣೀರು ಇಳಿಯುತ್ತದೆ, ಒರೆಸಿಕೊಳ್ಳುವುದಿಲ್ಲ. ಕಲೀಮುಲ್ಲಾ ಖಾಲಿ ಕೊಡವನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತಾರೆ. ಟ್ರಸ್ಟ್ ಇನ್ನೊಂದು ವರ್ಷ ಇಲ್ಲಿರುತ್ತದೆ ಅಂತ ಮೋನಿಕಾ ಹೇಳುತ್ತಾಳೆ. ಅದರ ಆಚೆಗಿನದು ಅವಳಿಗೂ ಗೊತ್ತಿಲ್ಲ.

ದಡ ಹತ್ತಿ ಕೂತ ಮೇಲೆ, ಇನ್ನು ನಿಮಗೇನು ಆಸೆ ಎಂದು ಕೇಳಿದರೆ ಮಹಾದೇವಯ್ಯ ಹಳ್ಳವನ್ನೇ ನೋಡುತ್ತಾ ಲೆಕ್ಕ ಹಾಕುತ್ತಾರೆ. ಮುಂದಿನ ಮಳೆಗಾಲದ ದೊಡ್ಡ ನೀರಿಗೆ ಈ ಮರಿಗಳು ಒಡ್ಡಿನ ಮೇಲಿಂದ ಜಾರಿ ಕೆಳಗೆ ಹೋಗುತ್ತವೆ. ಸಣ್ಣವು, ಬಿದ್ದರೂ ಬದುಕುತ್ತವೆ. ಹಿನ್ನೀರಿನಲ್ಲಿ ಬೆಳೆಯುತ್ತವೆ. ಹೆಣ್ಣು ಬಸುರಾಗಲು ಐದಾರು ವರ್ಷ ಬೇಕು. ಆಗ ಇದೇ ಕಲ್ಲು, ಇದೇ ನೀರು ಹುಡುಕಿಕೊಂಡು ವಾಪಸ್ಸು ಬರುತ್ತವೆ. ಬಂದು ಇದೇ ಸಿಮೆಂಟಿಗೆ ತಲೆ ಚಚ್ಚಿಕೊಳ್ಳುತ್ತವೆ.

"ಡಾಕ್ಟ್ರು ನಂಗೆ ಅಷ್ಟು ವರ್ಷ ಹೇಳಿಲ್ಲ," ಎಂದು ನಗುತ್ತಾರೆ. ಗುರುಶಾಂತಮ್ಮ ಮುಖ ಆ ಕಡೆ ತಿರುಗಿಸುತ್ತಾರೆ. "ನನ್ನ ಜಾಗಕ್ಕೆ ಯಾರಾದ್ರೂ ಬರ್ಲಿ ಅಂತಾನೂ ನಾ ಕೇಳಲ್ಲ. ಈ ನೀರಾಗೆ ಇಳಿ ಅಂತ ಯಾರ್ ಮಕ್ಳಿಗೆ ಹೇಳದು? ಅಷ್ಟೊತ್ಗೆ ಆ ಒಡ್ಡು ಒಂದು ಮೂಲೆ ಬಿದ್ದೋಗ್ಲಿ, ಅಷ್ಟೇ. ಆಗ ಅವಕ್ಕೆ ನಾನೂ ಬೇಡ, ಯಾರೂ ಬೇಡ."